ಪರದೆಯಾಚೆಯ ಬೈಗುಳ

ನಾನು ಇಂಥ ಸಂಗತಿಗಳನ್ನು ನಂಬುವವಳಲ್ಲ. ಓದುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪುಣೆಯ ಶಿವಾಜಿನಗರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಯಾರಾದರೂ ಕನಸಿನಲ್ಲಿ ತಾತ ಬಂದು ಎಚ್ಚರಿಸಿದರು ಎಂದರೆ, ರಾತ್ರಿ ಊಟಕ್ಕೆ ಏನು ಮಾಡಿದ್ದಿರಿ ಎಂದು ಕೇಳುವವಳು ನಾನು. ಮದುವೆಯಾಗಿ ಹಾಸನದಿಂದ ಪುಣೆಗೆ ಬಂದ ಹೊಸದರಲ್ಲಿ ಅತ್ತೆ ತೋಳಿಗೆ ಕಟ್ಟಿದ್ದ ತಾಯತವನ್ನು ಸ್ನಾನಕ್ಕೆಂದು ಬಿಚ್ಚಿಟ್ಟವಳು ಮತ್ತೆ ಕಟ್ಟಿಕೊಳ್ಳಲೇ ಇಲ್ಲ. ಅತ್ತೆ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೂ ನಾನು ಕಟ್ಟಿಕೊಳ್ಳಲಿಲ್ಲ.

ಈಗಲೂ ನಾನು ಹಾಗೇ ಇದ್ದೇನೆ. ಇದನ್ನು ಬರೆಯಲು ಕಾರಣ ಬೇರೆ. ಆಸ್ಪತ್ರೆಯಲ್ಲಿ ನನಗೆ ಆದದ್ದನ್ನು ನಮ್ಮ ನೆಂಟರು ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಡಾಕ್ಟರರಂಥ ಓದಿದವರು ಅವರಿಗೆ ಬೇಕಾದ ಹಾಗೆ ಹೇಳುತ್ತಾರೆ. ನಡೆದದ್ದು ನನಗೆ. ಅದನ್ನು ಇದ್ದ ಹಾಗೆ ಒಂದು ಸಲ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಗಂಡ ಶ್ರೀಧರ ಕೇಂದ್ರ ಸರ್ಕಾರದ ನೌಕರ. ಆಗ ನಾವು ಖಡಕಿಯ ಕ್ವಾರ್ಟರ್ಸಿನಲ್ಲಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಕಾಫಿಗೆ ಹಾಲಿಡಲು ಹೋದೆ. ನೆಗಡಿಯಾಗಿ ಮೂಗು ಕಟ್ಟಿತ್ತು. ಸಿಲಿಂಡರಿನ ಪೈಪು ಎಲ್ಲೋ ಸೀಳಿ ರಾತ್ರಿಯಿಡೀ ಗ್ಯಾಸ್ ಸೋರಿದ್ದು ನನ್ನ ಮೂಗಿಗೆ ಗೊತ್ತಾಗಲಿಲ್ಲ. ಲೈಟರ್ ಒತ್ತಿದೆ. ಶಬ್ದಕ್ಕಿಂತ ಮೊದಲು ಬೆಳಕು ಬಂತು. ತೊಟ್ಟಿದ್ದ ನೈಟಿ ಮೈಗೆ ಕರಗಿ ಅಂಟಿಕೊಂಡಿತು. ಶ್ರೀಧರ ಬಚ್ಚಲಿನಿಂದ ಬಕೆಟ್ಟುಗಟ್ಟಲೆ ನೀರು ತಂದು ಸುರಿದರು. ನಾನು ಉಳಿದದ್ದು ಆ ನೀರಿನಿಂದ. ಪಕ್ಕದ ಮನೆಯವರು ಪ್ರೀತಿಯಿಂದಲೇ ಟೂತ್‌ಪೇಸ್ಟ್ ತಂದು ತೋಳಿಗೆಲ್ಲ ಮೆತ್ತಿದರು. ಆಸ್ಪತ್ರೆಯಲ್ಲಿ ನರ್ಸ್ ಅದನ್ನು ಕೆರೆದು ತೆಗೆಯುವಾಗ ಆ ಪ್ರೀತಿಯ ಬೆಲೆ ನನಗೆ ತಿಳಿಯಿತು.

ಎರಡೂ ಕೈ, ಎದೆ, ಕತ್ತು, ಗಲ್ಲದ ಕೆಳಭಾಗ ಸುಟ್ಟಿತ್ತು. ಕಣ್ಣು ಉಳಿದಿತ್ತು. ಸುಟ್ಟ ಗಾಯಕ್ಕೇ ಪ್ರತ್ಯೇಕ ವಿಭಾಗ ಇರುವ ಆಸ್ಪತ್ರೆಗಳು ಇಷ್ಟು ದೊಡ್ಡ ಊರಿನಲ್ಲೂ ಕಡಿಮೆ. ಹಾಗಾಗಿ ಬಂಗಲೆಯವರೂ ಬಯಲಿನಲ್ಲಿ ಟೆಂಟ್ ಹಾಕಿಕೊಂಡವರೂ ಅಲ್ಲಿ ಅಕ್ಕಪಕ್ಕದ ಹಾಸಿಗೆಯಲ್ಲೇ ಮಲಗುತ್ತಾರೆ. ನಡುವೆ ಒಂದು ಹಸಿರು ಪರದೆ, ಅಷ್ಟೇ.

ಸುಟ್ಟಾಗ ಆಗುವ ನೋವು ಎಲ್ಲರಿಗೂ ಗೊತ್ತು. ಆಮೇಲೆ ವಾಸಿ ಮಾಡುವಾಗ ಆಗುವ ನೋವಿನ ಬಗ್ಗೆ ಯಾರೂ ಹೇಳುವುದಿಲ್ಲ. ದಿನ ಬಿಟ್ಟು ದಿನ ಬೆಳಿಗ್ಗೆ ಡ್ರೆಸ್ಸಿಂಗ್ ಬದಲಿಸುತ್ತಿದ್ದರು. ಗಾಯಕ್ಕೆ ಹಿಡಿದ ಬ್ಯಾಂಡೇಜನ್ನು ನೀರು ಹೊಯ್ದು ಹೊಯ್ದು ಬಿಡಿಸಬೇಕು. ಸತ್ತ ಚರ್ಮವನ್ನು ಉಜ್ಜಿ ತೆಗೆಯಬೇಕು. ಬಿಳಿಯ ಮುಲಾಮು ದಪ್ಪಕ್ಕೆ ಬಳಿದು ಮತ್ತೆ ಸುತ್ತಬೇಕು. ನೋವಿಗೆ ಇಂಜೆಕ್ಷನ್ ಕೊಟ್ಟೇ ಕೊಡುತ್ತಿದ್ದರು. ಅದು ನೋವನ್ನು ಸ್ವಲ್ಪ ದೂರ ಕೂರಿಸುತ್ತಿತ್ತು, ಎದ್ದು ಹೋಗುವಂತೆ ಮಾಡುತ್ತಿರಲಿಲ್ಲ. ಕತ್ತಿನ ಚರ್ಮ ಎಳೆದು ಗಲ್ಲ ಎದೆಗೆ ಅಂಟಿಕೊಳ್ಳಬಾರದೆಂದು ದಿಂಬು ಕಿತ್ತುಕೊಂಡಿದ್ದರು. ಬೆರಳು ಮಡಿಸಿಕೊಳ್ಳಬಾರದೆಂದು ಕೈಗಳನ್ನು ಮರದ ಪಟ್ಟಿಗೆ ಕಟ್ಟಿದ್ದರು. ಡ್ರೆಸ್ಸಿಂಗ್ ಸಾಮಾನಿನ ಟ್ರಾಲಿಯ ಚಕ್ರದ ಸದ್ದು ಕೇಳಿದರೆ ಸಾಕು, ಗಟ್ಟಿಗಿತ್ತಿ ಎಂದು ಹೆಸರಾದವಳು ನಾನು ಅಮ್ಮಾ, ಅಮ್ಮಾ ಎಂದು ಕೂಗಿ ಅಳುತ್ತಿದ್ದೆ.

ನಮ್ಮ ನರ್ಸ್ ಸುರೇಖಾ ಸಿಸ್ಟರ್. ಕೈ ಬಲು ಹಗುರ, ಮಾತು ಕಡಿಮೆ. "ಥೋಡಾ ಸಹನ ಕರಾ, ತಾಈ," ಎನ್ನುತ್ತಿದ್ದರು. ಸ್ವಲ್ಪ ತಡೆದುಕೊಳ್ಳಿ ಅಕ್ಕಾ ಎಂದು. ಎಲ್ಲರೂ ಹೇಳುತ್ತಿದ್ದುದು ಅದನ್ನೇ. ಗಂಡ, ಅತ್ತೆ, ಡಾಕ್ಟರ್, ಕಸ ಗುಡಿಸುವವಳು ಕೂಡ. ತಡೆದುಕೊಳ್ಳುವುದು ಹೇಗೆ ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಆ ಧ್ವನಿಯನ್ನು ನಾನು ಮೊದಲು ಕೇಳಿದ್ದು ಹಾಡುಹಗಲಲ್ಲಿ. ಬೆಳಿಗ್ಗೆ ಟ್ರಾಲಿ ಬಂದಿತ್ತು. ಅಂದು ಪರದೆಯಾಚೆಯ ಹಾಸಿಗೆಯಿಂದ ಡ್ರೆಸ್ಸಿಂಗ್ ಶುರುವಾಯಿತು. ನೀರು ಹೊಯ್ಯುವ ಸದ್ದು ಕೇಳುತ್ತಾ ನನ್ನ ಸರದಿಗೆ ಹೆದರಿಕೊಂಡು ಮಲಗಿದ್ದೆ. ಆಗ ಆ ಕಡೆಯಿಂದ ಒಬ್ಬ ಹೆಂಗಸು ಅಚ್ಚ ಕನ್ನಡದಲ್ಲಿ, ನಮ್ಮ ಕಡೆಯದಲ್ಲದ ಕನ್ನಡದಲ್ಲಿ, ಯಾರನ್ನೋ ಬೈಯತೊಡಗಿದಳು.

"ಬಂದ್ಯಾ ಸವತಿ? ಬಾ, ಕುಂದ್ರು. ನಿನ್ನಂಥಾಕೀನ ಎಷ್ಟ ಮಂದೀನ ನೋಡೀನಿ ನಾ. ಏನ್ ಹರ್ಕೋತಿ ಹರ್ಕೋ. ನಾ ಎಲ್ಲೂ ಹೋಗಲ್ಲ. ನಿಂದೇ ದಮ್ಮ ಕಟ್ತದ ನೋಡು."

ತುಂಬಿದ, ಸ್ವಚ್ಛವಾದ ಧ್ವನಿ. ಹೊಲದ ಆ ಬದುವಿನಿಂದ ಈ ಬದುವಿಗೆ ಕರೆಯುವವರದು ಇರುತ್ತದಲ್ಲ, ಅಂಥದು. ಅವಳು ಬೈಯುತ್ತಿದ್ದುದು ನರ್ಸನ್ನಲ್ಲ, ನೋವನ್ನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನೋವು ಅವಳಿಗೆ ಸವತಿ. ಹೇಳದೆ ಕೇಳದೆ ಮನೆ ಹೊಕ್ಕು ತನ್ನ ಜಾಗದಲ್ಲಿ ಕೂತವಳು. ಅವಳ ಜೊತೆ ಆ ಹೆಂಗಸು ಸರಿಸಮ ಜಗಳಕ್ಕೆ ನಿಂತಿದ್ದಳು.

ನನ್ನ ಸರದಿ ಬಂದಾಗ ಸುರೇಖಾ ಸಿಸ್ಟರನ್ನು, ಪಕ್ಕದಲ್ಲಿರುವವರು ಕರ್ನಾಟಕದವರೇ ಎಂದು ಕೇಳಿದೆ. "ಹೋ, ತುಮಚ್ಯಾಚ್ ಕಡಚೀ ಆಹೇ," ಎಂದರು. ಹೌದು, ನಿಮ್ಮ ಕಡೆಯವಳೇ. ನಾನು ಹೆಚ್ಚು ಕೇಳಲಿಲ್ಲ. ಕೇಳುವಂಥ ವಿಚಿತ್ರವೂ ಅದರಲ್ಲಿ ಕಾಣಲಿಲ್ಲ.

ಅಲ್ಲಿಂದ ಮುಂದೆ ಡ್ರೆಸ್ಸಿಂಗ್ ಇದ್ದಾಗಲೆಲ್ಲ ಆ ಬೈಗುಳ ಕೇಳುತ್ತಿತ್ತು. ಕೆಲವು ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾದ ಕೆಲವನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೇರೆ ಹೊತ್ತಿನಲ್ಲಿ ಆ ಕಡೆಯಿಂದ ಯಂತ್ರದ ಸದ್ದೊಂದೇ ಬರುತ್ತಿತ್ತು.

ಚರ್ಮ ಕಸಿ ಮಾಡುವ ಮುಂಚೆ ನಾನು ಸೋತುಹೋದೆ. ತೊಡೆಯ ಚರ್ಮ ತೆಗೆದು ಎದೆಗೂ ಕತ್ತಿಗೂ ಹಾಕುತ್ತೇವೆ, ಎರಡು ಮೂರು ಸಲ ಮಾಡಬೇಕಾಗಬಹುದು ಎಂದು ಸರ್ಜನ್ ಹೇಳಿದರು. ಅವರೊಬ್ಬ ಮರಾಠಿ ಹೆಂಗಸು, ಎಲ್ಲರೂ ಮ್ಯಾಡಂ ಎನ್ನುತ್ತಿದ್ದರು. ಸುಟ್ಟದ್ದು ಸಾಲದು ಎಂದು ಸುಡದ ಕಡೆಯೂ ಗಾಯ ಮಾಡಿಸಿಕೊಳ್ಳಬೇಕು ಎನ್ನುವುದು ನನಗೆ ತಡೆಯಲಾಗಲಿಲ್ಲ. ಬೇಡ, ಏನೂ ಬೇಡ, ಡ್ರೆಸ್ಸಿಂಗೂ ಬೇಡ, ಹೀಗೇ ಬಿಟ್ಟುಬಿಡಿ ಎಂದೆ. ಊಟ ನಿಲ್ಲಿಸಿದೆ. ಗಾಯ ತುಂಬಲು ಮೊಟ್ಟೆ ತಿನ್ನಲೇಬೇಕೆಂದು ಮಡಿ ಅತ್ತೆಯೇ ಮೊಟ್ಟೆ ಬೇಯಿಸಿ ಕಳಿಸುತ್ತಿದ್ದರು. ಅದನ್ನೂ ಮುಟ್ಟಲಿಲ್ಲ.

ಶ್ರೀಧರ ಬಂದು ನಿಂತರು. ಮುಖಕ್ಕೆ ಮಾಸ್ಕ್, ಮೈಗೆ ನೀಲಿ ಗೌನು, ಕಣ್ಣು ಮಾತ್ರ ಕಾಣುತ್ತಿತ್ತು.

"ಹಾಗನ್ನಬೇಡ ಕಣೇ," ಎಂದರು. "ಮನೆಗೆ ಬರೋದು ಬೇಡ್ವಾ ನಿಂಗೆ?"

"ಬೇಡ," ಎಂದೆ. ಅವರು ಹೊರಗೆ ಹೋದರು. ಅಳುವುದಕ್ಕೆ ಹೋದರು ಎಂದು ಗೊತ್ತಿತ್ತು. ಗೊತ್ತಿದ್ದರೂ ನನಗೆ ಏನೂ ಅನ್ನಿಸಲಿಲ್ಲ. ಅಷ್ಟು ದೂರ ಹೋಗಿಬಿಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಟ್ರಾಲಿ ಬಂತು. ನಾನು ಅಳಲಿಲ್ಲ, ಕೂಗಲಿಲ್ಲ. ಕಣ್ಣು ಮುಚ್ಚಿ ಸತ್ತವಳ ಹಾಗೆ ಬಿದ್ದಿದ್ದೆ. ಸುರೇಖಾ ಸಿಸ್ಟರ್ ಎದೆಯ ಮೇಲಿನ ಬಟ್ಟೆ ಬಿಡಿಸುತ್ತಿದ್ದಾಗ ಪರದೆಯಾಚೆಯ ಧ್ವನಿ ಬಂತು. ಅಂದು ಅದು ಸವತಿಯನ್ನು ಕರೆಯಲಿಲ್ಲ. ನೇರವಾಗಿ ನನ್ನನ್ನೇ ಕರೆಯಿತು.

"ಏ ಆಚಿಕಡಿ ತಂಗಿ, ಯಾಕ ಸುಮ್ಮಕಾದಿ? ನೀ ಸುಮ್ಮಕಾದರ ಅಕಿಗಿ ಹಬ್ಬ ಆಗ್ತದ. ಅಳಬ್ಯಾಡ, ಬೈ. ಬಾಯಿಗಿ ಬಂದಂಗ ಬೈ. ನಿನಗ ಬೈಲಾಕ ಬರಲ್ಲೇನು?"

ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ಎಷ್ಟೋ ದಿನದ ಮೇಲೆ ಬಂದ ಸಿಟ್ಟು ಅದು. ಬೈಯಲು ಬರುವುದಿಲ್ಲವಂತೆ, ನನಗೆ. ನಮ್ಮಜ್ಜಿ ತೋಟಕ್ಕೆ ನುಗ್ಗಿದ ಎಮ್ಮೆಯನ್ನು ಅಟ್ಟುತ್ತಿದ್ದ ಮಾತೇ ಬಾಯಿಗೆ ಬಂತು. "ತೊಲಗೇ, ಹಾಳಾದ ಶನಿ," ಎಂದೆ. ಗಟ್ಟಿಯಾಗಿ ಅಂದೆನೋ ತುಟಿಯೊಳಗೇ ಅಂದೆನೋ ಈಗ ಹೇಳಲಾರೆ. ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು. ಸುರೇಖಾ ಸಿಸ್ಟರಿಗಂತೂ ಕೇಳಿಸಲಿಲ್ಲ.

ಪರದೆಯಾಚೆ ನಗು ಕೇಳಿತು. ಹಿಂದೆಯೇ ಅಲ್ಲಿನ ಯಂತ್ರ ಕೂಗಿಕೊಂಡಿತು, ಯಾರೋ ಓಡಿಬಂದರು, ಸುರೇಖಾ ಸಿಸ್ಟರ್ ಕೂಡ ಕೈಗವಸು ಬದಲಿಸಿಕೊಂಡು ಆ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಅವರು ಹಿಂತಿರುಗಿ ನನ್ನ ಡ್ರೆಸ್ಸಿಂಗ್ ಮುಗಿಸುವವರೆಗೂ ನಾನು ಒಳಗೊಳಗೇ ಬೈಯುತ್ತಲೇ ಇದ್ದೆ. ನೋವು ಕಡಿಮೆಯಾಯಿತು ಎಂದು ಸುಳ್ಳು ಹೇಳುವುದಿಲ್ಲ, ಒಂದು ಚೂರೂ ಕಡಿಮೆಯಾಗಲಿಲ್ಲ. ಆದರೆ ಅಲ್ಲಿಯವರೆಗೆ ನೋವು ನನ್ನ ಮೇಲೆ ಕೂತಿತ್ತು, ಅಂದಿನಿಂದ ನಾವು ಎದುರುಬದುರು ಕೂತೆವು. ಮಧ್ಯಾಹ್ನ ಶ್ರೀಧರ ಬಂದಾಗ ಮೊಟ್ಟೆ ಎಲ್ಲಿ ಎಂದು ಕೇಳಿದೆ. ಸಂಜೆ ಮ್ಯಾಡಂಗೆ ಕಸಿ ಮಾಡಿ ಎಂದೆ.

ಕಸಿ ಹಿಡಿಯಿತು. ಒಂದು ಕಡೆ ಉದುರಿತು, ಮತ್ತೆ ಹಾಕಿದರು. ತೊಡೆಯ ಗಾಯ ಎದೆಯ ಗಾಯಕ್ಕಿಂತ ಹೆಚ್ಚು ಉರಿಯಿತು. ಬೈಗುಳ ನಿಲ್ಲಿಸಲಿಲ್ಲ ನಾನು. ಆಪರೇಷನ್ ಆದ ಮೇಲೆ ನನ್ನನ್ನು ಐಸಿಯುವಿನಿಂದ ಅದೇ ವಿಭಾಗದ ಸಾಮಾನ್ಯ ವಾರ್ಡಿಗೆ ಹಾಕಿದರು. ಆ ಧ್ವನಿ ಅಲ್ಲಿಗೆ ಬರಲಿಲ್ಲ.

ಒಂದು ಮಧ್ಯಾಹ್ನ ಸುರೇಖಾ ಸಿಸ್ಟರ್ ನೋಡಲು ಬಂದರು. ಪಕ್ಕದ ಹಾಸಿಗೆಯಲ್ಲಿ ಬೈಯುತ್ತಿದ್ದ ಹೆಂಗಸು ಹೇಗಿದ್ದಾಳೆ ಎಂದು ಕೇಳಿದೆ. ಯಾರು ಎಂದರು. ನನ್ನ ಎಡಗಡೆ, ಪರದೆಯಾಚೆ, ಕನ್ನಡದವಳು ಎಂದೆ.

ಅವರು ನನ್ನ ಮುಖ ನೋಡಿದರು. "ಸಾಬಮ್ಮಾ? ತೀ ಕಶೀ ಬೋಲಣಾರ, ತಾಈ?" ಎಂದರು. ಅವಳು ಹೇಗೆ ಮಾತಾಡುತ್ತಾಳೆ ಎಂದು.

ಆಮೇಲೆ ಅವರು ಹೇಳಿದ್ದು ಇಷ್ಟು. ಸಾಬಮ್ಮ ಯಾದಗಿರಿ ಕಡೆಯವಳು, ರಸ್ತೆ ಕೆಲಸಕ್ಕೆ ಬಂದವಳು. ಡಾಂಬರು ಕಾಯಿಸುವ ಡ್ರಮ್ಮಿಗೆ ಬೆಂಕಿ ಹತ್ತಿಕೊಂಡು, ಉರಿ ಅವಳ ಉಸಿರಿನ ಜೊತೆ ಗಂಟಲೊಳಕ್ಕೂ ಇಳಿದಿತ್ತು. ಬಂದ ದಿನವೇ ಕತ್ತಿನಲ್ಲಿ ತೂತು ಮಾಡಿ ಕೊಳವೆ ಹಾಕಿ ಯಂತ್ರದ ಉಸಿರು ಕೊಟ್ಟಿದ್ದರು. ನಾನು ಅಲ್ಲಿದ್ದ ಅಷ್ಟೂ ದಿನ ಆ ಕೊಳವೆ ಇತ್ತು. ಅವಳು ಒಂದು ಅಕ್ಷರ ಆಡಿದ್ದನ್ನು ಯಾರೂ ಕೇಳಿಲ್ಲ.

ನಾನು ಸುಮ್ಮನೆ ಬಿಡುವವಳಲ್ಲ. ಮ್ಯಾಡಂ ಬಂದಾಗ ಕೇಳಿದೆ. ಅವರು ತಾಳ್ಮೆಯಿಂದ ವಿವರಿಸಿದರು. ಸುಟ್ಟವರಿಗೆ ಕೊಡುವ ಔಷಧಿಗಳಿಂದ ಇಲ್ಲದ ಧ್ವನಿ ಕೇಳಿಸುವುದು, ಇಲ್ಲದವರು ಕಾಣಿಸುವುದು ತೀರಾ ಸಾಮಾನ್ಯವಂತೆ. ಒಬ್ಬರಿಗೆ ಗೋಡೆಯ ಮೇಲೆ ರೈಲು ಹೋಗುತ್ತಿತ್ತಂತೆ. ನನಗೆ ಸಮಾಧಾನವಾಯಿತು, ನಿಜವಾಗಿ ಸಮಾಧಾನವಾಯಿತು. ನಾನೇ ಆಗಿದ್ದರೂ ಅದನ್ನೇ ಹೇಳುತ್ತಿದ್ದೆ. ಕೊಳವೆ ಇದ್ದರೂ ಗಾಳಿ ಸೋರಿ ಧ್ವನಿ ಬರಬಹುದಲ್ಲವೇ ಎಂದು ಒಂದು ಸಂಶಯ ಮುಂದಿಟ್ಟೆ. ಕೊಳವೆಯ ಸುತ್ತ ಗಾಳಿ ತುಂಬಿದ ಬಲೂನು ಇರುತ್ತದೆ, ಧ್ವನಿಪೆಟ್ಟಿಗೆಗೆ ಉಸಿರೇ ತಲುಪುವುದಿಲ್ಲ ಎಂದರು. ಸರಿ, ಔಷಧಿಯೇ ಎಂದುಕೊಂಡೆ. ಮನೆಗೆ ಬಂದ ಮೇಲೆ ಶ್ರೀಧರರಿಗೂ ಹಾಗೇ ಹೇಳಿದೆ.

ಮನೆಗೆ ಬಂದ ಮೇಲೂ ವಾರಕ್ಕೆ ಕೆಲವು ಸಲ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಬೇಕಿತ್ತು. ಕಸಿಯ ಚರ್ಮ ಬಿಗಿದು ಗಂಟುಕಟ್ಟದ ಹಾಗೆ ಮೈಗಂಟಿದ ಬಿಗಿಯಾದ ಅಂಗಿ ಹಗಲೂ ರಾತ್ರಿ ತೊಟ್ಟಿರಬೇಕು, ಬಾಯಿ ಅಗಲಿಸಬೇಕು, ತೋಳು ಎತ್ತಬೇಕು. ವ್ಯಾಯಾಮದ ಕೋಣೆಯಲ್ಲಿ ಒಂದು ದಿನ ಬೆಳಿಗ್ಗೆ, ಗೋಡೆಗೆ ಕೈಯಿಟ್ಟು ಬೆರಳು ಮೇಲೇರಿಸುತ್ತಿದ್ದ ಹೆಂಗಸೊಬ್ಬಳು ಕಂಡಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಕತ್ತಿನ ಗುಳಿಯಲ್ಲಿ ಗಾಯ ಮುಚ್ಚಿದ ಗುರುತು. ವ್ಯಾಯಾಮ ಮಾಡಿಸುವ ಹುಡುಗಿ "ಸಾಬಮ್ಮಾ, ಆಣಖೀ ವರ," ಎಂದಳು. ಇನ್ನೂ ಮೇಲೆ.

ನಾನು ಹೋಗಿ ಮಾತಾಡಿಸಿದೆ. ಕನ್ನಡ ಕೇಳಿ ಅವಳ ಮುಖ ಅರಳಿತು.

"ನೀವೇ ಏನ್ರಿ, ನನ್ನ ಬಾಜೂಕ ಇದ್ದಾರು? ಅಕ್ಕೋರಂತಲ್ಲ ನೀವು. ಸಿಸ್ಟರ್ ಹೇಳ್ಯಾರ."

ಅಕ್ಕೋರು ಎಂದರೆ ಆ ಕಡೆ ಟೀಚರ್. ಅವಳ ಧ್ವನಿ ಕೇಳಿ ನನಗೆ ನಿರಾಸೆಯಾಯಿತು. ಒಣ ಎಲೆ ಉಜ್ಜಿದ ಹಾಗೆ, ಪಿಸುಮಾತಿಗಿಂತ ತುಸು ಮೇಲೆ. ಪರದೆಯಾಚೆ ಕೇಳಿದ ಧ್ವನಿ ಇದಲ್ಲವೇ ಅಲ್ಲ. ಮ್ಯಾಡಂ ಹೇಳಿದ್ದು ಸರಿ ಎಂದುಕೊಂಡೆ. ಆದರೂ, ಪ್ರಯೋಗ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ ನನಗೆ. ಉತ್ತರ ನಾನೇ ಅವಳ ಬಾಯಿಗಿಡದ ಹಾಗೆ ಎಚ್ಚರವಾಗಿ ಕೇಳಿದೆ.

"ಡ್ರೆಸ್ಸಿಂಗ್ ಮಾಡುವಾಗ ಹೇಗೆ ತಡ್ಕೊಂಡ್ರಿ ನೀವು?"

"ಏನ್ ತಡ್ಕೊಳ್ಳಾದ್ರಿ. ಬೈತಿದ್ದೆ."

"ಕತ್ತಿನಲ್ಲಿ ಕೊಳವೆ ಇತ್ತಂತಲ್ಲ?"

"ಇತ್ತರಿ, ಕುತ್ಗ್ಯಾಗ. ದನಿ ಎಲ್ಲಿ ಬರ್ತದ. ಮನಸಿನ್ಯಾಗ ಬೈತಿದ್ದೆ."

"ಯಾರನ್ನ?"

ಅವಳು ನಾಚಿಕೊಂಡಳು. "ನಗಬ್ಯಾಡ್ರಿ ಮತ್ತ. ಆ ಉರೀಗಿ ಸವತಿ ಅಂತಿದ್ದೆ. ಬಾ ಸವತಿ, ಕುಂದ್ರು ಅಂತಿದ್ದೆ."

ನಾನು ನಗಲಿಲ್ಲ. ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತುಕೊಂಡೆ. ಅವಳು ಗೋಡೆಯ ಮೇಲಿಂದ ಕೈ ಇಳಿಸಿ ತಾನೇ ಮುಂದುವರಿಸಿದಳು.

"ನೀವ್ ಅಮ್ಮಾ ಅಮ್ಮಾ ಅಂತ ಅಳಾದು ಕೇಳ್ತಿತ್ತರಿ. ನಮ್ಮ ಮಾತಿನಾಕಿ ಯಾರೋ ಅದಾಳ ಅನಕೊಂಡೆ. ಒಂದಿನಾ ಅಳಾದೂ ನಿಂತೋತು. ಅಂಜಿಕಿ ಬಂತು ನನಗ. ಏ ತಂಗಿ, ಬೈ ಅಂದೆ, ಮನಸಿನ್ಯಾಗ. ಆಗ ನೀವ್ ಶನಿ ಅಂದ್ರಿ ನೋಡ್ರಿ, ನಗಿ ಬಂದು ಕೊಳವಿಯಾಗ ಕೆಮ್ಮ ಹತ್ತಿತು. ಎಲ್ಲಾರೂ ಓಡಿ ಬಂದ್ರು. ಸಾಯ್ತಿದ್ದೆ ಅವತ್ತ."

ಹೇಳಿ ಅವಳು ಮತ್ತೆ ನಕ್ಕಳು. ನಗುವಿನಲ್ಲೂ ಧ್ವನಿ ಇರಲಿಲ್ಲ, ಗಾಳಿ ಮಾತ್ರ. "ಮೊದಲ ನನ್ನ ದನಿ ಹಿಂಗಿರಲಿಲ್ರಿ, ಅಕ್ಕೋರ," ಎಂದಳು. "ನಾ ಹೊಲದಾಗ ಒದರಿದ್ರ ಊರಾಗಿನ ಮಂದಿ ಹೊಳ್ಳಿ ನೋಡ್ತಿದ್ರು."

ಅದು ನನಗೆ ಗೊತ್ತಿತ್ತು. ಆ ಧ್ವನಿಯನ್ನು ನಾನು ಕೇಳಿದ್ದೆ. ಅವಳಿಗೆ ಹಾಗೆಂದು ಹೇಳಿದಾಗ ಅವಳೇನೂ ಬೆಚ್ಚಿಬೀಳಲಿಲ್ಲ. "ಹೌದೇನ್ರಿ? ಚಲೋ ಆಯ್ತು ತಗೋರಿ," ಎಂದು ಮತ್ತೆ ಗೋಡೆಗೆ ಕೈಯಿಟ್ಟಳು. ಆ ಹೊತ್ತಿಗೆ ತೋಳು ಎತ್ತುವುದು ಅವಳಿಗೆ ಇದಕ್ಕಿಂತ ದೊಡ್ಡ ಕೆಲಸವಾಗಿತ್ತು.

ನಾನು ಇದನ್ನು ಎಷ್ಟು ದಿಕ್ಕಿನಿಂದ ತಿರುಗಿಸಿ ನೋಡಿದ್ದೇನೆ ಎಂದು ಹೇಳಲು ಹೋಗುವುದಿಲ್ಲ. ನನ್ನ ಶನಿ ಎನ್ನುವ ಮಾತು ಅವಳಿಗೆ ಕಿವಿಯಲ್ಲೇ ಬಿದ್ದಿರಬಹುದು, ಒಪ್ಪುತ್ತೇನೆ. ಔಷಧಿಯಿಂದ ಇಲ್ಲದ ಧ್ವನಿ ಕೇಳಿಸುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ನಾನು ಎಂದೂ ಕಾಣದ ಹೆಂಗಸಿನ ಮನಸ್ಸಿನಲ್ಲಿದ್ದ ಮಾತನ್ನು, ಅವಳ ಊರಿನ ಕನ್ನಡದಲ್ಲಿ, ಸುಟ್ಟುಹೋದ ಅವಳ ಹಳೆಯ ಧ್ವನಿಯಲ್ಲೇ ನನಗೆ ಕೇಳಿಸುವ ಔಷಧಿ ಯಾವುದು? ಮ್ಯಾಡಂಗೆ ಈ ಪ್ರಶ್ನೆ ಕೇಳಿದೆ. ಕಾಕತಾಳೀಯ ಇರಬೇಕು ಎಂದರು. ಇದು ಉತ್ತರವಲ್ಲ, ನನ್ನ ವಿದ್ಯಾರ್ಥಿ ಹೀಗೆ ಬರೆದರೆ ನಾನು ಅಂಕ ಕೊಡುವುದಿಲ್ಲ ಎಂದೆ. ಅವರು ನಕ್ಕರು. ಅವರ ಮೇಲೆ ನನಗೆ ಕೋಪವಿಲ್ಲ, ನನ್ನನ್ನು ಉಳಿಸಿದ ಕೈ ಅದು.

ಇನ್ನೊಂದು ಕಡೆ ನಮ್ಮ ಅತ್ತೆ. ದೇವಿಯೇ ಆ ರೂಪದಲ್ಲಿ ಬಂದು ಮಾತಾಡಿದಳು, ಹರಕೆ ತೀರಿಸಬೇಕು ಎಂದು ಪಟ್ಟು ಹಿಡಿದರು. ನಾನು ಒಪ್ಪಲಿಲ್ಲ.

"ದೇವಿ ಯಾಕಮ್ಮಾ?" ಎಂದೆ. "ಡಾಂಬರಿನಲ್ಲಿ ಸುಟ್ಟುಕೊಂಡು, ಉಸಿರಿಗೂ ಯಂತ್ರ ಕಟ್ಟಿಸಿಕೊಂಡು ಬಿದ್ದವಳು ಸಾಬಮ್ಮ. ಬೈದವಳು ಸಾಬಮ್ಮ. ಅವಳ ಪಾಲನ್ನ ಇನ್ನೊಬ್ಬರಿಗೆ ಯಾಕೆ ಕೊಡಲಿ?"

"ಹಾಗಾದ್ರೆ ಅದನ್ನ ಏನು ಅಂತ ಕರೀತೀಯ ನೀನು?" ಎಂದು ಶ್ರೀಧರ ಕೇಳಿದರು.

"ಗೊತ್ತಿಲ್ಲ ಅಂತ ಕರೀತೀನಿ."

ಇಂದಿಗೂ ನನ್ನ ಉತ್ತರ ಅದೇ. ನನಗೆ ಗೊತ್ತಿಲ್ಲ. ತಾಯತ ಕಟ್ಟಿಕೊಂಡಿಲ್ಲ, ಕಟ್ಟಿಕೊಳ್ಳುವುದೂ ಇಲ್ಲ. ಕೇಳಿದ್ದನ್ನು ಕೇಳಿಲ್ಲ ಎನ್ನುವುದೂ ಇಲ್ಲ.

ಸಾಬಮ್ಮ ಈಗ ರಸ್ತೆ ಕೆಲಸಕ್ಕೆ ಹೋಗುವುದಿಲ್ಲ. ಮಗಳ ಜೊತೆ ಖಡಕಿಯ ಬಜಾರಿನಲ್ಲಿ ತರಕಾರಿ ಇಟ್ಟುಕೊಂಡು ಕೂರುತ್ತಾಳೆ. ಕೂಗಿ ಕರೆಯುವುದು ಮಗಳು, ಚೌಕಾಸಿ ಮಾಡುವುದು ಇವಳು. ಸುಟ್ಟ ಚರ್ಮ ವರ್ಷಗಳಾದರೂ ಎಳೆಯುವುದನ್ನು ಬಿಡುವುದಿಲ್ಲ. ಅವಳ ಕತ್ತು ಮತ್ತೆ ಒಂದು ಕಡೆಗೆ ವಾಲಿದೆ. ಬರುವ ವಾರ ಅದನ್ನು ಬಿಡಿಸಿ ಹೊಸದಾಗಿ ಕಸಿ ಮಾಡುತ್ತಾರೆ. ಆಮೇಲೆ ಮತ್ತೆ ಡ್ರೆಸ್ಸಿಂಗ್. ಜೊತೆಗೆ ಒಳಗೆ ಬರುತ್ತೇನೆ ಎಂದು ಕೇಳಿದ್ದಕ್ಕೆ, ಸೋಂಕಿನ ಭಯ, ಯಾರನ್ನೂ ಬಿಡುವುದಿಲ್ಲ ಎಂದಿದ್ದಾರೆ. ಬಿಡದಿದ್ದರೆ ಬೇಡ. ಹೊರಗೆ ವರಾಂಡದಲ್ಲಿ ಬೆಂಚಿದೆ, ಅಲ್ಲಿ ಕೂರುತ್ತೇನೆ. ಅಲ್ಲಿಂದ ಅವಳಿಗೆ ಕೇಳಿಸುತ್ತದೋ ಇಲ್ಲವೋ ನಾನು ಹೇಳಲಾರೆ. ಅವಳ ಸವತಿಯನ್ನು ಬೈಯುವುದನ್ನಂತೂ ಬಿಡುವುದಿಲ್ಲ.